ನಾಳಿನ ದಿನವೂ ಇಂದಿನ ಜ್ಞಾನವೂ

(ಕುಟುಂಬಗಳಲ್ಲಿಯೂ ವಾರದ ಕೂಟಗಳಲ್ಲಿಯೂ ಓದತಕ್ಕ ಪಾಠ)

ಓದತಕ್ಕ ವೇದಭಾಗಗಳು: ಯಾಕೋಬ 4:13–17, ಜ್ಞಾನೋಕ್ತಿಗಳು 6:1–11 ಮತ್ತು 27:1, 23–27, ಪ್ರಸಂಗಿ 9:11–12 ಮತ್ತು 11:1–6, ಲೂಕ 13:1–5.



ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಎಂಬೀ ಸೀಮೆಗಳಲ್ಲಿ ಒಕ್ಕಲುತನದಿಂದಲೋ ಕೂಲಿಯಿಂದಲೋ ಜೀವಿಸುವವರಿಗೆ ನಾಳಿನ ದಿನವು ನಿಶ್ಚಯವಿಲ್ಲದ್ದೆಂದು ಯಾರೂ ಹೊಸದಾಗಿ ಕಲಿಸಬೇಕಾದದ್ದಿಲ್ಲ. ಮಳೆ ಮಿತಿಮೀರಿದರೆ ಅಡಿಕೆ ಕೊಳೆಯುವದು. ಮಳೆ ಬೇಗನೆ ನಿಂತರೆ ಕೊಳಕೆ ಗದ್ದೆಗೆ ನೀರು ಸಾಲದು. ಬೆಳೆ ಚೆನ್ನಾದ ವರುಷ ಬೆಲೆ ಬೀಳುವದು. ಬೆಲೆ ಏರಿದ ವರುಷ ಮರದಲ್ಲಿ ಗೊನೆ ಇರದು. ಬೀಡಿ ಕಟ್ಟುವ ಹೆಂಗಸರಿಗೆ ಈ ವಾರ ಎಲೆ ದೊರೆತರೆ ಬರುವ ವಾರ ದೊರೆಯುವದೋ ಎಂಬ ಸಂಶಯವುಂಟು. ಮಗನು ಮುಂಬಯಿಗೋ ಕೊಲ್ಲಿಯ ದೇಶಗಳಿಗೋ ಹೋಗಿದ್ದರೆ ಅವನ ಕೆಲಸವು ಎಷ್ಟು ದಿನ ನಿಲ್ಲುವದೆಂದು ತಾಯಿಗೆ ತಿಳಿಯದು.

ಈ ಸಂಗತಿಯನ್ನು ಎಲ್ಲರೂ ಬಲ್ಲರು. ಆದರೆ ನಾಳೆ ಏನಾಗುವದೆಂದು ತಿಳಿಯದವನು ಇಂದು ಹೇಗೆ ನಡೆಯಬೇಕೆಂಬದನ್ನು ಎಲ್ಲರೂ ಬಲ್ಲರೆಂದು ಹೇಳಲಾಗದು. ಒಬ್ಬನು, ಎಲ್ಲವೂ ದೇವರ ಚಿತ್ತದಂತೆ ಆಗುವದಷ್ಟೇ ಎಂದು ಕೈಕಟ್ಟಿ ಕೂತುಕೊಳ್ಳುವನು. ಇನ್ನೊಬ್ಬನು, ನನ್ನ ಜಾಣತನವೇ ನನಗೆ ಸಾಕೆಂದು ಸಾಲಮಾಡಿ ಮುನ್ನುಗ್ಗುವನು. ಮತ್ತೊಬ್ಬನು ರಾತ್ರಿಯೆಲ್ಲಾ ಚಿಂತೆಯಿಂದ ಹೊರಳಿ ಬೆಳಿಗ್ಗೆ ಭವಿಷ್ಯ ಹೇಳುವವನ ಬಾಗಲಿಗೆ ಹೋಗುವನು. ಈ ಮೂವರಿಗೂ ಸತ್ಯವೇದದಲ್ಲಿ ಬುದ್ಧಿಮಾತು ಉಂಟು. ಅದನ್ನು ಆರು ಭಾಗಗಳಾಗಿ ವಿಚಾರಿಸೋಣ.

1. ನಾಳೆಯು ನಮ್ಮ ಸ್ವತ್ತಲ್ಲ. ಇಂದಿನ ಕರ್ತವ್ಯವು ನಮ್ಮದು

ಅಪೊಸ್ತಲನಾದ ಯಾಕೋಬನು ತನ್ನ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಕೆಲವು ವ್ಯಾಪಾರಿಗಳನ್ನು ಎಚ್ಚರಿಸುತ್ತಾನೆ. ಅವರು ಇಂಥ ಪಟ್ಟಣಕ್ಕೆ ಹೋಗಿ, ಒಂದು ವರುಷ ಅಲ್ಲಿದ್ದು, ಇಷ್ಟು ಲಾಭ ತರುವೆವೆಂದು ಲೆಕ್ಕಹಾಕುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಈ ಲೆಕ್ಕವನ್ನು ಕೇಳದ ಮನೆ ಯಾವದು? ನಾಲ್ಕು ವರುಷ ದುಬಾಯಿಯಲ್ಲಿ ದುಡಿದು, ಸಾಲ ತೀರಿಸಿ, ಮನೆ ಕಟ್ಟಿ, ತಂಗಿಯ ಮದುವೆ ಮಾಡುವೆನೆಂದು ಹೇಳಿ ಹೋದವರು ಎಷ್ಟೋ ಮಂದಿ. 2010ನೆಯ ಇಸವಿ ಮೇ 22ರ ಬೆಳಿಗ್ಗೆ ದುಬಾಯಿಯಿಂದ ಹೊರಟ ವಿಮಾನವು ಬಜ್ಪೆಯ ನಿಲ್ದಾಣದಲ್ಲಿ ಇಳಿಯುತ್ತಿರುವಾಗ ಓಡುದಾರಿಯನ್ನು ದಾಟಿ ಕಣಿವೆಗೆ ಬಿದ್ದು ಉರಿದುಹೋಯಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಎಂಟು ಮಂದಿ ಉಳಿದರು. ಮನೆಗಳಲ್ಲಿ ಅಡಿಗೆ ಸಿದ್ಧವಾಗಿತ್ತು. ಕರೆತರಲು ಹೋದವರು ಬಾಗಲಲ್ಲಿ ಕಾದಿದ್ದರು. ಮತ್ತೆ 2020ನೆಯ ಇಸವಿಯಲ್ಲಿ ಕೊರೊನಾ ರೋಗವು ಬಂದಾಗ ಒಂದೇ ವಾರದೊಳಗೆ ಬಸ್ಸು, ರೈಲು, ವಿಮಾನ ಎಲ್ಲಾ ನಿಂತು, ಲಕ್ಷಾಂತರ ಜನರ ಲೆಕ್ಕಾಚಾರಗಳು ಮುರಿದುಬಿದ್ದವು.

ನೇತ್ರಾವತೀ ನದಿಯೂ ಇದೇ ಪಾಠವನ್ನು ಕಲಿಸುತ್ತದೆ. ಘಟ್ಟದಿಂದ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ಪಾಣೆಮಂಗಳೂರುಗಳ ನಡುವೆ ಹರಿದು ಸಮುದ್ರ ಸೇರುವ ಈ ಹೊಳೆಯು ಒಂದು ವರುಷ ತೋಟಕ್ಕೆ ಗೋಡು ತಂದು ಉಪಕಾರ ಮಾಡುವದು. ಇನ್ನೊಂದು ವರುಷ ತೋಟವನ್ನೇ ಹೊತ್ತುಕೊಂಡು ಹೋಗುವದು. ತುಳುವಿನಲ್ಲಿ ಬೊಳ್ಳವೆಂದು ಕರೆಯುವ ನೆರೆಗಳಲ್ಲಿ 1923ರದ್ದೂ 1974ರದ್ದೂ ಬಂಟ್ವಾಳದವರ ನೆನಪಿನಲ್ಲಿ ಅಚ್ಚೊತ್ತಿ ನಿಂತಿವೆ. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೆಳ್ತಂಗಡಿಯ ಚಾರ್ಮಾಡಿ ಸೀಮೆಯಲ್ಲಿ ಗುಡ್ಡ ಕುಸಿದು, ಮಣ್ಣೂ ಮರಗಳೂ ನೀರಿನೊಂದಿಗೆ ಇಳಿದುಬಂದು, ತಲೆತಲಾಂತರದಿಂದ ಬೆಳೆಸಿದ ತೋಟಗಳು ಕಲ್ಲುಮರಳಿನ ಬಯಲಾದವು.

ಹಾಗಾದರೆ ಯಾಕೋಬನು ಮುಂದಿನ ಯೋಚನೆಯನ್ನೇ ಮಾಡಬಾರದೆಂದು ಹೇಳುತ್ತಾನೋ? ಹಾಗಲ್ಲ. ಕರ್ತನ ಚಿತ್ತವಿದ್ದರೆ ಇದನ್ನೂ ಅದನ್ನೂ ಮಾಡುವೆವೆಂದು ಹೇಳಲು ಅವನೇ ಕಲಿಸುತ್ತಾನೆ. ಯೋಜನೆಯು ಪಾಪವಲ್ಲ, ಜಂಬವು ಪಾಪ. ಇದಲ್ಲದೆ ಅವನು ಆ ಅಧ್ಯಾಯವನ್ನು ಮುಗಿಸುವ ರೀತಿಯನ್ನು ಚೆನ್ನಾಗಿ ಗಮನಿಸಿರಿ. ಒಳ್ಳೇದನ್ನು ಮಾಡಲು ತಿಳಿದಿದ್ದೂ ಮಾಡದೆ ಬಿಡುವವನಿಗೆ ಅದು ಪಾಪವೆಂದು ಹೇಳಿ ಮಾತನ್ನು ನಿಲ್ಲಿಸುತ್ತಾನೆ. ನಾಳೆಯ ಮಾತಿನೊಂದಿಗೆ ಇದನ್ನು ಯಾಕೆ ಸೇರಿಸಿದನು? ಯಾಕಂದರೆ ನಾಳೆ ಮಾಡುವೆನೆಂದು ಮುಂದೆ ಹಾಕಿದ ಒಳ್ಳೇ ಕೆಲಸವೇ ಹೆಚ್ಚಾಗಿ ಮಾಡದೆ ಉಳಿಯುವದು. ನಾಳೆಯು ನನ್ನ ಕೈಯಲ್ಲಿಲ್ಲವೆಂದು ನಿಜವಾಗಿ ನಂಬುವವನು ಆಳಿನ ಕೂಲಿಯನ್ನು ಇಂದೇ ಕೊಡುವನು. ಅಣ್ಣತಮ್ಮಂದಿರ ಜಗಳವನ್ನು ಇಂದೇ ತೀರಿಸುವನು. ಹೆಂಡತಿಮಕ್ಕಳಿಗೆ ತಿಳಿಯುವಂತೆ ಸಾಲಸೋಲಗಳ ಲೆಕ್ಕವನ್ನು ಬರೆದಿಡುವನು.

ಕಾಗದಪತ್ರಗಳ ಸಂಗತಿಯೂ ಇದಕ್ಕೆ ಸೇರಿದ್ದು. 1974ರಲ್ಲಿ ಭೂಸುಧಾರಣೆಯ ಕಾನೂನು ಜಾರಿಗೆ ಬಂದಾಗ ಈ ಜಿಲ್ಲೆಯ ಚಾಲಗೇಣಿ ಒಕ್ಕಲುಗಳಲ್ಲಿ ಸಕಾಲದಲ್ಲಿ ಅರ್ಜಿ ಕೊಟ್ಟವರಿಗೆ ತಾವು ಉತ್ತ ಭೂಮಿಯು ಸ್ವಂತವಾಯಿತು. ಧಣಿಗಳ ದಾಕ್ಷಿಣ್ಯಕ್ಕೋ ಭಯಕ್ಕೋ ನೋಡೋಣವೆಂದು ಸುಮ್ಮನಿದ್ದವರಿಗೆ ಆ ಬಾಗಲು ಮುಚ್ಚಿತು. ಇಂದಿಗೂ ಸತ್ತುಹೋದ ಅಜ್ಜನ ಹೆಸರಿನಲ್ಲಿಯೇ ಪಹಣಿ ಇರುವ ಮನೆಗಳು ನಮ್ಮ ಸಭೆಗಳಲ್ಲಿ ಇಲ್ಲವೋ? ಕರ್ತನ ಚಿತ್ತವಿದ್ದರೆ ಎಂದು ಬಾಯಿಂದ ಹೇಳಿ, ಕೈಯಿಂದಾಗತಕ್ಕ ಕೆಲಸವನ್ನು ಬಿಡುವದು ಭಕ್ತಿಯಲ್ಲ.

2. ಮುಂದಾಲೋಚನೆಯು ಅವಿಶ್ವಾಸವಲ್ಲ

ನಾಳೆಗೋಸ್ಕರ ಚಿಂತಿಸಬಾರದೆಂದು ಕರ್ತನೇ ಹೇಳಿದ್ದಾನಲ್ಲಾ (ಮತ್ತಾಯ 6:34), ಹಾಗಿರುವಾಗ ಕೂಡಿಡುವದೂ ವಿಮೆಮಾಡುವದೂ ಯಾತಕ್ಕೆ ಎಂದು ಕೆಲವರು ಕೇಳುವರು. ಕರ್ತನು ತೆಗೆದುಹಾಕಿದ್ದು ಎದೆಯನ್ನು ಕೊರೆಯುವ ಚಿಂತೆಯನ್ನೇ. ಆತನು ತೋರಿಸಿದ ಪಕ್ಷಿಗಳು ಬಿತ್ತುವದಿಲ್ಲ ನಿಜ. ಆದರೂ ಅವು ಸೂರ್ಯೋದಯಕ್ಕೆ ಮುಂಚೆ ಎದ್ದು ಆಹಾರ ಹುಡುಕುತ್ತವೆ. ಜ್ಞಾನೋಕ್ತಿಗಳ ಆರನೆಯ ಅಧ್ಯಾಯವು ಸೋಮಾರಿಯನ್ನು ಇರುವೆಯ ಬಳಿಗೆ ಶಿಷ್ಯನನ್ನಾಗಿ ಕಳುಹಿಸುತ್ತದೆ. ಅದಕ್ಕೆ ಮೇಸ್ತ್ರಿಯಿಲ್ಲ, ಧಣಿಯಿಲ್ಲ. ಆದರೂ ಸುಗ್ಗಿಯಲ್ಲಿ ತನ್ನ ಆಹಾರವನ್ನು ಕೂಡಿಸುತ್ತದೆ.

ನಮ್ಮ ತಾಯಂದಿರು ಈ ವಿದ್ಯೆಯನ್ನು ಬಲ್ಲವರೇ. ಆಟಿ ತಿಂಗಳಲ್ಲಿ ಮಳೆ ಬಿಡದೆ ಸುರಿದು, ಕೆಲಸ ನಿಂತು, ಅಕ್ಕಿಯ ಮುಡಿ ಬರಿದಾಗುವದೆಂದು ಅವರಿಗೆ ತಿಳಿದಿತ್ತು. ಆದಕಾರಣ ಬೇಸಿಗೆಯಲ್ಲಿಯೇ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರು, ಬೀಜವನ್ನು ಬೇಯಿಸಿ ಒಣಗಿಸಿದರು, ಹಪ್ಪಳ ಮಾಡಿದರು, ಒಣಮೀನನ್ನು ಕಟ್ಟಿಟ್ಟರು. ಅವರು ದೇವರನ್ನು ನಂಬದೆ ಹೀಗೆ ಮಾಡಿದರೆಂದು ಯಾರು ಹೇಳಬಲ್ಲರು? ಬೇಸಿಗೆಯ ಹಲಸೂ ದೇವರ ದಾನ; ಆಟಿಯ ಮುನ್ನರಿವೂ ಆತನ ದಾನವೇ.

ಅಡಿಕೆಯ ಕೊಳೆರೋಗದ ಸಂಗತಿಯನ್ನು ತೆಗೆದುಕೊಳ್ಳೋಣ. ಮಳೆಗಾಲದ ತೇವದಲ್ಲಿ ಬೂಷ್ಟಿನಂಥ ಒಂದು ಸೂಕ್ಷ್ಮಜೀವಿಯು ಕಾಯಿಗಳಿಗೆ ಹತ್ತಿ, ಗೊನೆಗೊನೆಯೇ ಉದುರುವಂತೆ ಮಾಡುವದು. ಸುಮಾರು 1910ರಲ್ಲಿ ಮೈಸೂರು ಸೀಮೆಯಲ್ಲಿ ಕೋಲ್‌ಮನ್ ಎಂಬ ವಿಜ್ಞಾನಿಯು ಈ ರೋಗದ ಕಾರಣವನ್ನು ಪರೀಕ್ಷಿಸಿ, ಬೋರ್ಡೋ ದ್ರಾವಣದಿಂದ ಇದನ್ನು ತಡೆಯಬಹುದೆಂದು ತೋರಿಸಿದನು. ಒಂದು ಕಿಲೋ ಮೈಲುತುತ್ತನ್ನು 50 ಲೀಟರು ನೀರಿನಲ್ಲಿಯೂ ಒಂದು ಕಿಲೋ ಸುಣ್ಣವನ್ನು ಬೇರೆ 50 ಲೀಟರು ನೀರಿನಲ್ಲಿಯೂ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಸುತ್ತಾ ಹೊಯ್ಯತಕ್ಕದ್ದು. ಬಳಿಕ ಉಜ್ಜಿದ ಚಾಕುವಿನ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಇನ್ನೂ ಸುಣ್ಣ ಸೇರಿಸಬೇಕು. ಮಳೆ ಹಿಡಿಯುವದಕ್ಕೆ ಮುಂಚೆ ಒಂದಾವರ್ತಿ, ಅಲ್ಲಿಂದ 40–45 ದಿನಗಳ ಮೇಲೆ ಇನ್ನೊಂದಾವರ್ತಿ ಸಿಂಪಡಿಸುವರು. ಆಪತ್ತನ್ನು ಮುಂದಾಗಿ ಕಂಡು ಅಡಗಿಕೊಳ್ಳುವವನನ್ನು ಜ್ಞಾನೋಕ್ತಿಗಳು ಜಾಣನೆಂದು ಕರೆಯುತ್ತವೆ (22:3). ಮೇ ತಿಂಗಳಲ್ಲಿ ದ್ರಾವಣ ಸಿಂಪಡಿಸದೆ, ಆಗಸ್ಟ್ ತಿಂಗಳಲ್ಲಿ ಉದುರಿದ ಕಾಯಿಗಳ ನಡುವೆ ನಿಂತು ಪ್ರಾರ್ಥಿಸುವವನ ಪ್ರಾರ್ಥನೆಯು ತಡವಾಗಿ ಬಂದದ್ದು.

ಹೀಗಿದ್ದರೂ ಕೂಡಿಡುವದರಲ್ಲಿ ಎರಡು ವಿಧ ಉಂಟು. ಐಗುಪ್ತದಲ್ಲಿ ಯೋಸೇಫನು ಸುಭಿಕ್ಷದ ಏಳು ವರುಷಗಳಲ್ಲಿ ಬೆಳೆಯ ಐದರಲ್ಲೊಂದು ಪಾಲನ್ನು ಕೂಡಿಡಿಸಿದನು (ಆದಿಕಾಂಡ 41:34). ಕರ್ತನ ಸಾಮ್ಯದಲ್ಲಿ ಬರುವ ಐಶ್ವರ್ಯವಂತನೂ ಕಣಜಗಳನ್ನು ಕಟ್ಟಿ ಕೂಡಿಡಲು ಯೋಚಿಸಿದನು (ಲೂಕ 12:16–21). ಒಬ್ಬನನ್ನು ವೇದವು ಜ್ಞಾನಿಯೆಂದೂ ಇನ್ನೊಬ್ಬನನ್ನು ಬುದ್ಧಿಹೀನನೆಂದೂ ಕರೆಯುವದಕ್ಕೆ ಕಾರಣವೇನು? ಯೋಸೇಫನ ಕಣಜವು ಬರಗಾಲದಲ್ಲಿ ಹಸಿದವರಿಗೆ ತೆರೆಯಿತು. ಮತ್ತೊಬ್ಬನ ಮಾತಿನಲ್ಲಿ ನನ್ನ ಬೆಳೆ, ನನ್ನ ಕಣಜ, ನನ್ನ ಜೀವವೆಂಬದರ ಹೊರತು ಬೇರೆ ಯಾರ ಹೆಸರೂ ಇಲ್ಲ. ನಿಮ್ಮ ಉಳಿತಾಯದ ಪುಸ್ತಕವು ಈ ಎರಡರಲ್ಲಿ ಯಾವ ಕಣಜವನ್ನು ಹೋಲುತ್ತದೆಂದು ನೀವೇ ಪರೀಕ್ಷಿಸಿಕೊಳ್ಳಿರಿ.

3. ಏಳು ಪಾಲೂ ಎಂಟನೆಯ ಪಾಲೂ

ಭೂಮಿಯ ಮೇಲೆ ಯಾವ ಕೇಡು ಬರುವದೋ ತಿಳಿಯದ ಕಾರಣ ಇರುವದನ್ನು ಏಳು, ಎಂಟು ಪಾಲುಗಳಾಗಿ ಹಂಚಬೇಕೆಂದು ಪ್ರಸಂಗಿಯು ಹೇಳುತ್ತಾನೆ (11:2). ಇದನ್ನು ದಾನದ ವಿಷಯವಾಗಿ ಹೇಳಿದ್ದೆಂದು ಕೆಲವರೂ, ವ್ಯಾಪಾರದ ವಿಷಯವಾಗಿ ಹೇಳಿದ್ದೆಂದು ಕೆಲವರೂ ಅರ್ಥಮಾಡುತ್ತಾರೆ. ಎರಡೂ ಅರ್ಥಗಳಿಂದ ನಮಗೆ ಪ್ರಯೋಜನವುಂಟು.

ನಮ್ಮ ಸೀಮೆಯಲ್ಲಿ ನಡೆದ ಎರಡು ಸಂಗತಿಗಳನ್ನು ನೆನಸಿರಿ. 1970ರ ದಶಕದಲ್ಲಿ ಕೊಕ್ಕೋವಿಗೆ ಒಳ್ಳೇ ಬೆಲೆಯುಂಟೆಂದು ಕೇಳಿ ಅನೇಕರು ಅಡಿಕೆಮರಗಳ ನಡುವೆ ಅದನ್ನು ನೆಟ್ಟರು. 1980ರ ಸುಮಾರಿಗೆ ಕೊಳ್ಳುವವರು ಹಿಂಜರಿದದ್ದರಿಂದ ಬೆಲೆ ಬಿದ್ದು, ಎಷ್ಟೋ ಮಂದಿ ಗಿಡಗಳನ್ನು ಕಡಿದುಹಾಕಿದರು. ಆಮೇಲೆ 2000ದ ತರುವಾಯ ವೆನಿಲ್ಲಾ ಬಳ್ಳಿಯ ಕಾಲ ಬಂತು. ಜಗತ್ತಿಗೆ ಹೆಚ್ಚು ವೆನಿಲ್ಲಾ ಒದಗಿಸುವ ಮಡಗಾಸ್ಕರ್ ದ್ವೀಪದಲ್ಲಿ ಚಂಡಮಾರುತದಿಂದ ಬೆಳೆ ಹಾಳಾದದ್ದರಿಂದ, 2003ರ ಸುಮಾರಿಗೆ ಇಲ್ಲಿಯ ಹಸಿ ಕೋಡುಗಳಿಗೆ ಕಿಲೋಗೆ ಸಾವಿರಾರು ರೂಪಾಯಿ ದೊರೆಯಿತು. ಜನರು ರಾತ್ರಿ ತೋಟ ಕಾದರು. ಬಳ್ಳಿಯ ತುಂಡುಗಳನ್ನು ದುಬಾರಿ ಬೆಲೆ ಕೊಟ್ಟು ತಂದರು. ಕೆಲವರು ಸಾಲವನ್ನೂ ಮಾಡಿದರು. ಆ ದ್ವೀಪದಲ್ಲಿ ಬೆಳೆ ಚೇತರಿಸಿಕೊಂಡಕೂಡಲೆ ಇಲ್ಲಿಯ ಬೆಲೆಯು ಅತ್ಯಲ್ಪಕ್ಕೆ ಇಳಿಯಿತು. ದೂರದ ಸಮುದ್ರದಲ್ಲಿ ಎದ್ದ ಗಾಳಿಯು ಬೆಳ್ತಂಗಡಿಯ ಒಕ್ಕಲಿನ ಮನೆಯಲ್ಲಿ ಮೊದಲು ಸಂತೋಷವನ್ನೂ ಆಮೇಲೆ ದುಃಖವನ್ನೂ ತಂದಿತು.

ಈ ಎರಡೂ ಸಂಗತಿಗಳಲ್ಲಿ ಹೆಚ್ಚು ನೊಂದವರು ಯಾರು? ಇದ್ದದ್ದನ್ನೆಲ್ಲಾ ಒಂದರಲ್ಲೇ ಹಾಕಿದವರು. ತೆಂಗು, ಅಡಿಕೆ, ಕರಿಮೆಣಸು, ಬಾಳೆ, ಒಂದೆರಡು ಹಸು, ಊಟಕ್ಕೆ ಬೇಕಾದಷ್ಟು ಗದ್ದೆ ಎಂದು ಹಂಚಿಕೊಂಡಿದ್ದವರಿಗೆ ನಷ್ಟವಾಯಿತು, ನಾಶವಾಗಲಿಲ್ಲ. ಹಳಬರು ಭೂಮಿಯನ್ನೇ ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿ, ಮಳೆ ಹೆಚ್ಚಾದರೆ ಬೆಟ್ಟು ಉಳಿಯಲಿ, ಕಡಿಮೆಯಾದರೆ ಬೈಲು ಉಳಿಯಲಿ ಎಂದು ಮೂರರಲ್ಲಿಯೂ ಬಿತ್ತುತ್ತಿದ್ದರು.

ಇದಲ್ಲದೆ ಒಬ್ಬೊಬ್ಬನಾಗಿ ತಾಳಲಾಗದ ಕಷ್ಟವನ್ನು ಕೂಡಿ ತಾಳಬಹುದು. ಅಡಿಕೆಯ ಬೆಲೆಯು ಕುಸಿದು ಬೆಳೆಗಾರರು ಕಂಗೆಟ್ಟಿದ್ದ ಕಾಲದಲ್ಲಿ, ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬೆಳೆಗಾರರಾದ ವಾರಣಾಶಿ ಸುಬ್ರಾಯ ಭಟ್ಟರು ಮುಂದಾಳಾಗಿ 1973ರಲ್ಲಿ ಕ್ಯಾಂಪ್ಕೋ ಎಂಬ ಸಹಕಾರ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ಸಂಸ್ಥೆಯು ಮುಂದೆ ಕೊಕ್ಕೋವನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನು ತೆರೆಯಿತು. ಇದನ್ನು ಮಾಡಿದವರು ನಮ್ಮ ಮತದವರಲ್ಲ. ಆದರೂ ಜ್ಞಾನವು ಬೀದಿಗಳಲ್ಲಿ ನಿಂತು ಎಲ್ಲರನ್ನೂ ಕೂಗುತ್ತದೆಂದು ಜ್ಞಾನೋಕ್ತಿಗಳೇ ಹೇಳುತ್ತವೆ (1:20). ನೆರೆಯವರ ಒಳ್ಳೇ ಕೆಲಸದಿಂದ ಕಲಿಯಲು ನಾವು ನಾಚಬಾರದು.

ಪ್ರಸಂಗಿಯು ಇನ್ನೊಂದು ಮಾತನ್ನೂ ಸೇರಿಸುತ್ತಾನೆ. ಗಾಳಿಯನ್ನೇ ನೋಡುತ್ತಾ ಕೂತವನು ಬಿತ್ತುವದಿಲ್ಲ. ಮೋಡವನ್ನೇ ನೋಡುವವನು ಕೊಯ್ಯುವದಿಲ್ಲ (11:4). ಕೊಕ್ಕೋ ಬಿತ್ತು, ವೆನಿಲ್ಲಾ ಬಿತ್ತು, ಇನ್ನು ಏನನ್ನೂ ನೆಡಲೇ ಬಾರದೆಂಬದೂ ಬುದ್ಧಿಯಲ್ಲ. ಬೆಳಿಗ್ಗೆ ಬಿತ್ತು, ಸಾಯಂಕಾಲದಲ್ಲಿಯೂ ಕೈ ಹಿಂತೆಗೆಯಬೇಡ ಎಂಬದೇ ಅವನ ಬುದ್ಧಿವಾದದ ಸಾರ.

4. ಜಾಮೀನು, ನಿಮಿತ್ತ, ಆಲೋಚನೆ

ಅನಿಶ್ಚಯದ ಕಾಲದಲ್ಲಿ ಮನುಷ್ಯನು ಎರಡು ಬಲೆಗಳಿಗೆ ಸುಲಭವಾಗಿ ಬೀಳುವನು.

ಮೊದಲನೆಯದು ಜಾಮೀನು. ಸ್ನೇಹಿತನು ಸಂಜೆ ಮನೆಗೆ ಬಂದು, ಚಾ ಕುಡಿದು, ಒಂದು ರುಜು ಹಾಕಿದರೆ ಸಾಕೆಂದು ಹೇಳುವನು. ಇಲ್ಲವೆನ್ನಲು ದಾಕ್ಷಿಣ್ಯ. ಮೂರು ವರುಷಗಳಾದ ಮೇಲೆ ಸಾಲಗಾರನು ಊರಲ್ಲಿಲ್ಲ. ನೋಟೀಸು ನಿನ್ನ ಹೆಸರಿಗೆ ಬರುವದು. ಹೀಗೆ ಸಿಕ್ಕಿಬಿದ್ದವನು ಬೇಟೆಗಾರನ ಕೈಯಿಂದ ಜಿಂಕೆಯು ತಪ್ಪಿಸಿಕೊಳ್ಳುವಂತೆ ನಿದ್ರೆ ಬಿಟ್ಟು ತಪ್ಪಿಸಿಕೊಳ್ಳಬೇಕೆಂದು ಜ್ಞಾನೋಕ್ತಿಗಳು ಎಚ್ಚರಿಸುತ್ತವೆ (6:1–5). ಬಡವನಿಗೆ ಸಹಾಯಮಾಡಬಾರದೆಂದು ಇದರ ಅರ್ಥವಲ್ಲ. ಕೊಟ್ಟು ಕಳೆದುಕೊಳ್ಳಲು ಶಕ್ತಿಯಿದ್ದಷ್ಟನ್ನು ಕೈಯಾರೆ ಕೊಡು. ನಿನ್ನ ಮಕ್ಕಳ ಅನ್ನವನ್ನು ಇನ್ನೊಬ್ಬನ ಮಾತಿನ ಮೇಲೆ ಒತ್ತೆಯಿಡಬೇಡ.

ಎರಡನೆಯದು ನಿಮಿತ್ತ ಕೇಳುವದು. ಹಸು ಸತ್ತರೆ, ಮಗುವಿಗೆ ಜ್ವರ ಬಿಡದಿದ್ದರೆ, ಮದುವೆ ಕೂಡಿಬರದಿದ್ದರೆ, ಭಾನುವಾರ ದೇವಾಲಯದಲ್ಲಿ ಕೂತವರೇ ಮಂಗಳವಾರ ಕತ್ತಲೆಯಲ್ಲಿ ಪ್ರಶ್ನೆ ಇಡಿಸಲು ಹೋಗುವದುಂಟು. ದೇವರ ಜನರಿಗೆ ಇದು ಸಲ್ಲದೆಂದು ಧರ್ಮೋಪದೇಶಕಾಂಡದ ಹದಿನೆಂಟನೆಯ ಅಧ್ಯಾಯವು ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ಖಂಡಿಸುವವರೂ ತಮ್ಮನ್ನು ಪರೀಕ್ಷಿಸಿಕೊಳ್ಳಲಿ. ಕಣ್ಣುಮುಚ್ಚಿ ಸತ್ಯವೇದವನ್ನು ತೆರೆದು, ಬೆರಳು ಬಿದ್ದ ವಾಕ್ಯವೇ ದೇವರ ಅಪ್ಪಣೆಯೆಂದು ಹೊಲ ಮಾರುವವನೂ ಮಗಳನ್ನು ಕೊಡುವವನೂ ವೇದವನ್ನು ಕವಡೆಯಂತೆ ಉಪಯೋಗಿಸುತ್ತಾನೆ. ವೇದವು ನಾಳೆಯ ಮುಚ್ಚಳವನ್ನು ತೆಗೆದು ತೋರಿಸುವದಕ್ಕೆ ಕೊಡಲ್ಪಟ್ಟದ್ದಲ್ಲ. ನಮ್ಮ ಹೆಜ್ಜೆಗೆ ಬೇಕಾಗುವಷ್ಟು ಬೆಳಕನ್ನು ಅದು ಕೊಡುತ್ತದೆ. ಕತ್ತಲೆಯಲ್ಲಿ ಗದ್ದೆಯ ಹುಣಿಯ ಮೇಲೆ ಸೂಟೆ ಹಿಡಿದು ನಡೆಯುವವನಿಗೆ ಆಚೆ ಬದಿಯ ಮನೆ ಕಾಣಿಸದು, ಮುಂದಿನ ಹೆಜ್ಜೆ ಕಾಣಿಸುವದು.

ಹಾಗಾದರೆ ನಿರ್ಣಯ ಮಾಡುವದು ಹೇಗೆ? ಜ್ಞಾನ ಕಡಿಮೆಯಾದವನು ದೇವರನ್ನು ಕೇಳಿಕೊಳ್ಳಲಿ (ಯಾಕೋಬ 1:5). ಆಲೋಚನೆ ಹೇಳುವವರು ಬಹುಮಂದಿ ಇದ್ದರೆ ಕಾರ್ಯವು ನಿಲ್ಲುವದೆಂದು ಸೊಲೊಮೋನನು ಹೇಳುತ್ತಾನೆ (ಜ್ಞಾನೋಕ್ತಿ 15:22). ಪ್ರಾರ್ಥನೆಮಾಡು, ಆ ಕೆಲಸ ಬಲ್ಲವರನ್ನು ಕೇಳು, ಹೆಂಡತಿಯ ಮಾತನ್ನು ಕೇಳು, ಯಾಕಂದರೆ ಮನೆಯ ಅಕ್ಕಿಯ ಲೆಕ್ಕ ಆಕೆಗೆ ಗೊತ್ತು, ಸಭೆಯ ಹಿರಿಯರನ್ನು ಕೇಳು, ಒಂದು ರಾತ್ರಿ ಕಳೆದ ಮೇಲೆ ನಿರ್ಣಯಿಸು.

5. ಜಾಣನ ತೋಟದಲ್ಲಿಯೂ ಅಡಿಕೆ ಉದುರುವದು

ಈಗ ಕಠಿಣವಾದ ಒಂದು ಪ್ರಶ್ನೆಗೆ ಬರುತ್ತೇವೆ. ಒಬ್ಬ ಒಕ್ಕಲಿಗನು ಬಂದು, ಅಯ್ಯನವರೇ, ನಾನು ಸಕಾಲದಲ್ಲಿ ಎರಡಾವರ್ತಿ ದ್ರಾವಣ ಹೊಡೆದೆನು, ಸಾಲ ಮಾಡಲಿಲ್ಲ, ದಶಮಾಂಶವನ್ನೂ ಬಿಡಲಿಲ್ಲ, ಆದರೂ ನನ್ನ ಬೆಳೆ ಹೋಯಿತು. ಏನೂ ಮಾಡದ ನೆರೆಯವನ ತೋಟ ಉಳಿಯಿತು, ಇದಕ್ಕೇನು ಹೇಳುತ್ತೀರಿ ಎಂದು ಕೇಳಿದರೆ ಉತ್ತರವೇನು?

ಸತ್ಯವೇದವು ಈ ಪ್ರಶ್ನೆಯನ್ನು ಮುಚ್ಚಿಡುವದಿಲ್ಲ. ಶ್ರಮಿಸುವವನ ಕೈಗೆ ಐಶ್ವರ್ಯವುಂಟಾಗುವದೆಂದು ಜ್ಞಾನೋಕ್ತಿಗಳು ಹೇಳುತ್ತವೆ (10:4). ವೇಗಿಗಳಿಗೆ ಓಟದಲ್ಲಿಯೂ ಬಲಿಷ್ಠರಿಗೆ ಯುದ್ಧದಲ್ಲಿಯೂ ಯಾವಾಗಲೂ ಜಯವಿಲ್ಲ, ಬಲೆಗೆ ಬೀಳುವ ಮೀನಿನಂತೆ ಮನುಷ್ಯನು ತನ್ನ ಕಾಲವನ್ನು ಅರಿಯನು ಎಂದು ಪ್ರಸಂಗಿಯು ಹೇಳುತ್ತಾನೆ (9:11–12). ಇವೆರಡೂ ಒಂದೇ ವೇದದಲ್ಲಿ ಇರುವದಕ್ಕೆ ಕಾರಣವುಂಟು. ಮೊದಲನೆಯದು ಲೋಕವು ಸಾಮಾನ್ಯವಾಗಿ ನಡೆಯುವ ಕ್ರಮವನ್ನು ತಿಳಿಸುತ್ತದೆ. ಆದಕಾರಣ ನಾವು ದುಡಿಯಬೇಕು. ಎರಡನೆಯದು ಆ ಕ್ರಮವು ದೇವರನ್ನು ಕಟ್ಟಿಹಾಕುವ ಹಗ್ಗವಲ್ಲವೆಂದು ತಿಳಿಸುತ್ತದೆ. ಆದಕಾರಣ ನಾವು ಬೆಳೆದಾಗ ಉಬ್ಬಲೂ ಬಾರದು, ಕಳೆದುಕೊಂಡವನನ್ನು ನೋಡಿ ತೀರ್ಪು ಮಾಡಲೂ ಬಾರದು.

ಯೋಬನ ಸ್ನೇಹಿತರು ಏಳು ದಿವಸ ಅವನ ಸಂಗಡ ಸುಮ್ಮನೆ ಕೂತಿದ್ದಷ್ಟು ಕಾಲ ಒಳ್ಳೇ ಸ್ನೇಹಿತರಾಗಿದ್ದರು. ಬಾಯಿ ತೆರೆದು, ನಿನ್ನ ಪಾಪವೇ ಇದಕ್ಕೆ ಕಾರಣವೆಂದು ಹೇಳಲಾರಂಭಿಸಿದ ಮೇಲೆ ಅವರು ದೇವರ ಕೋಪಕ್ಕೆ ಗುರಿಯಾದರು. ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಯೆರೂಸಲೇಮಿನ ಉಳಿದವರಿಗಿಂತ ಅಪರಾಧಿಗಳಾಗಿರಲಿಲ್ಲವೆಂದು ಕರ್ತನು ಹೇಳಿದನು. ಹುಟ್ಟುಕುರುಡನ ವಿಷಯದಲ್ಲಿ, ಪಾಪಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಆತನು ಆ ಪ್ರಶ್ನೆಯನ್ನೇ ತಳ್ಳಿಹಾಕಿದನು (ಯೋಹಾನ 9:1–3).

ಬೆಳ್ತಂಗಡಿ ತಾಲೂಕಿನ ಕೊಕ್ಕಡ ಮುಂತಾದ ಹಳ್ಳಿಗಳಿಗೆ ಹೋದವರು ಈ ವಾಕ್ಯದ ತೂಕವನ್ನು ಅರಿಯುವರು. ಅಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ವರುಷವರುಷವೂ 2000ದ ವರೆಗೆ ಸಿಂಪಡಿಸಲಾಯಿತು. ಅಲ್ಲಿ ಅಂಗವಿಕಲರಾಗಿ ಹುಟ್ಟಿದ ಮಕ್ಕಳೂ, ಹಾಸಿಗೆಯಿಂದ ಏಳಲಾಗದ ಯುವಕರೂ ಇರುವ ಮನೆಗಳಿವೆ. 2011ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಆ ಔಷಧವನ್ನು ತಡೆಯಿತು. ಅದಕ್ಕೆ ಮುಂಚೆ ಎಷ್ಟೋ ತಾಯಂದಿರು, ಇದು ಯಾವ ಶಾಪವೋ, ಯಾರು ಮಾಡಿದ ಪಾಪವೋ ಎಂಬ ಮಾತುಗಳನ್ನು ನೆರೆಯವರಿಂದ ಕೇಳಿ ಅತ್ತರು. ಕಷ್ಟದ ಮೇಲೆ ಅಪವಾದವನ್ನೂ ಹೇರುವದು ಕ್ರೂರತ್ವ. ಕ್ರೈಸ್ತನ ನಾಲಿಗೆಯಿಂದ ಅಂಥ ಮಾತು ಬರಬಾರದು.

6. ಸಭೆಯ ಕೈ

ಅಂತಿಯೋಕ್ಯದ ಸಭೆಯವರಿಗೆ ಅಗಬನೆಂಬ ಪ್ರವಾದಿಯು ಮುಂದೆ ದೊಡ್ಡ ಬರಗಾಲ ಬರುವದೆಂದು ತಿಳಿಸಿದನು (ಅಪೊಸ್ತಲರ ಕೃತ್ಯಗಳು 11:27–30). ಅವರು ಅದನ್ನು ಕೇಳಿ ತಮ್ಮ ಅಕ್ಕಿಯನ್ನು ಬಚ್ಚಿಡಲಿಲ್ಲ. ಪ್ರತಿಯೊಬ್ಬನು ತನ್ನ ಶಕ್ತ್ಯನುಸಾರವಾಗಿ ಕೊಟ್ಟು, ಯೂದಾಯದಲ್ಲಿದ್ದ ಸಹೋದರರಿಗೆ ಸಹಾಯ ಕಳುಹಿಸಿದರು. ಮುಂಗಂಡ ಆಪತ್ತಿಗೆ ಸಭೆಯು ಕೊಡತಕ್ಕ ಉತ್ತರ ಇದೇ.

ನಮ್ಮ ಸಭೆಗಳ ಚರಿತ್ರೆಯು ಈ ಪಾಠವನ್ನು ಕಷ್ಟದಿಂದ ಕಲಿತ ಚರಿತ್ರೆ. 1834ನೆಯ ಇಸವಿ ಅಕ್ಟೋಬರ್ 30ರಲ್ಲಿ ಬಾಸೆಲ್ ಮಿಷನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದರು. ಸುವಾರ್ತೆಯನ್ನು ಅಂಗೀಕರಿಸಿದವರಲ್ಲಿ ಅನೇಕರು ಮನೆಯನ್ನೂ ಬಂಧುಗಳನ್ನೂ ಗೇಣಿಯ ಭೂಮಿಯನ್ನೂ ಕಳೆದುಕೊಂಡರು. ಅವರ ಜೀವನಕ್ಕಾಗಿ ನೇಯ್ಗೆಯ ಶಾಲೆಗಳೂ, 1865ರಲ್ಲಿ ಹಂಚಿನ ಕಾರ್ಖಾನೆಯೂ ಆರಂಭವಾದವು. ಮಿಷನಿನ ಕೈ ಯಾವಾಗಲೂ ಇರುವದೆಂದು ಜನರು ನೆನಸಿದರು. ಆದರೆ 1914ರಲ್ಲಿ ಯೂರೋಪಿನ ಮಹಾಯುದ್ಧವು ಆರಂಭವಾಗಲು ಜರ್ಮನ್ ಮಿಷನರಿಗಳು ಸೆರೆಯಾಗಿ ದೇಶದಿಂದ ಕಳುಹಿಸಲ್ಪಟ್ಟರು. ಕಾರ್ಖಾನೆಗಳು ಬೇರೆಯವರ ವಶವಾದವು. ಆ ದಿನಗಳಲ್ಲಿ ಸಭೆಯು ತನ್ನ ಕಾಲಮೇಲೆ ತಾನು ನಿಲ್ಲಬೇಕಾಯಿತು. ಪ್ರತಿ ಅಡಿಗೆಗೂ ಒಂದು ಹಿಡಿ ಅಕ್ಕಿಯನ್ನು ದೇವರ ಹೆಸರಿನಲ್ಲಿ ತೆಗೆದಿಡುವ ಹೆಂಗಸರ ಪದ್ಧತಿಯು ಸಣ್ಣದಾಗಿ ಕಾಣುವದು. ಹಿಡಿಹಿಡಿಯಾಗಿ ಕೂಡಿದ ಆ ಅಕ್ಕಿಯು ಎಷ್ಟೋ ಒಲೆಗಳು ಆರಿಹೋಗದಂತೆ ಮಾಡಿದೆ.

ಆದುದರಿಂದ ಪ್ರತಿ ಸಭೆಯೂ ಮಳೆಗಾಲಕ್ಕೆ ಮುಂಚೆ ತನ್ನನ್ನು ಕೇಳಿಕೊಳ್ಳತಕ್ಕದ್ದು: ನಮ್ಮಲ್ಲಿ ಹೊಳೆಯ ಬದಿಯಲ್ಲಿಯೂ ಗುಡ್ಡದ ಬುಡದಲ್ಲಿಯೂ ಇರುವ ಮನೆಗಳು ಯಾವವು? ಒಬ್ಬರೇ ಇರುವ ವೃದ್ಧರು ಯಾರು? ರಾತ್ರಿ ನೀರು ಏರಿದರೆ ಅವರನ್ನು ಕರೆತರುವವರು ಯಾರು? ಬೆಳೆ ಹೋದವನ ಮಕ್ಕಳ ಶಾಲೆಯ ಹಣವನ್ನು ಯಾರು ಕೊಡುವರು? ಮತವನ್ನು ವಿಚಾರಿಸದೆ ನೆರೆಯವರಿಗೂ ಈ ಕೈ ಚಾಚತಕ್ಕದ್ದು, ಯಾಕಂದರೆ ನೆರೆಯ ನೀರು ಯಾರ ಮತವನ್ನೂ ಕೇಳಿ ಬರುವದಿಲ್ಲ.

ಸಮಾಪ್ತಿ

ಬಂಡೆಯ ಮೇಲೆ ಕಟ್ಟಿದ ಮನೆಯ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು (ಮತ್ತಾಯ 7:24–27). ಮುರಕಲ್ಲಿನ ಸೀಮೆಯವರಾದ ನಮಗೆ ಅದರ ಅರ್ಥವನ್ನು ಹೇಳಬೇಕಾದದ್ದಿಲ್ಲ: ಮೇಲಿನ ಮಣ್ಣನ್ನು ತೆಗೆದು ಗಟ್ಟಿನೆಲ ಸಿಕ್ಕುವ ತನಕ ಅಗೆದವನ ಗೋಡೆ ಬಿರುಕುಬಿಡದು. ಆ ಸಾಮ್ಯದಲ್ಲಿ ಒಂದು ಮಾತನ್ನು ಮರೆಯಬೇಡಿರಿ. ಮಳೆಯೂ ಪ್ರವಾಹವೂ ಗಾಳಿಯೂ ಎರಡೂ ಮನೆಗಳಿಗೆ ಬಂದವು. ವಿಶ್ವಾಸಿಯ ಮನೆಗೆ ಮಳೆ ಬಾರದೆಂದು ಕರ್ತನು ಎಲ್ಲಿಯೂ ಮಾತು ಕೊಡಲಿಲ್ಲ. ತನ್ನ ಮಾತುಗಳನ್ನು ಕೇಳಿ ಕೈಕೊಳ್ಳುವವನ ಮನೆ ಬೀಳದೆಂದು ಮಾತು ಕೊಟ್ಟನು. ಕೇಳುವದು ಭಾನುವಾರದ ಕೆಲಸ. ಕೈಕೊಳ್ಳುವದು ಉಳಿದ ಆರು ದಿನಗಳದ್ದು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಾಳೆ ಮಾಡುವೆನೆಂದು ನಾನು ಮುಂದೆ ಹಾಕಿರುವ ಒಳ್ಳೇ ಕೆಲಸ ಯಾವದು? ಅದನ್ನು ಈ ವಾರದಲ್ಲಿ ಮಾಡಲು ಅಡ್ಡಿಯೇನು?
2. ಚಿಂತೆಗೂ ಮುಂದಾಲೋಚನೆಗೂ ಇರುವ ಭೇದವನ್ನು ನಮ್ಮ ಮನೆಯ ಒಂದು ಸಂಗತಿಯಿಂದ ತೋರಿಸಿರಿ.
3. ನಮ್ಮ ಜೀವನವು ಒಂದೇ ಬೆಳೆಯ ಇಲ್ಲವೆ ಒಬ್ಬನೇ ದುಡಿಯುವವನ ಮೇಲೆ ನಿಂತಿದೆಯೋ? ಅದನ್ನು ಹಂಚುವ ದಾರಿ ಯಾವದು?
4. ಕಷ್ಟದಲ್ಲಿರುವ ಯಾರನ್ನಾದರೂ ನಾವು ಯೋಬನ ಸ್ನೇಹಿತರಂತೆ ನೋಯಿಸಿದ್ದೇವೋ?
5. ನಮ್ಮ ಸಭೆಯಲ್ಲಿ ಈ ಮಳೆಗಾಲದಲ್ಲಿ ಕೈಹಿಡಿಯಬೇಕಾದವರು ಯಾರು?

ಪ್ರಾರ್ಥನೆ

ಮಳೆಯನ್ನೂ ಬಿಸಿಲನ್ನೂ ಕಳುಹಿಸುವ ತಂದೆಯೇ, ನಾಳೆಯನ್ನು ತಿಳಿಯಬೇಕೆಂಬ ವ್ಯರ್ಥವಾದ ಆಶೆಯನ್ನು ನಮ್ಮಿಂದ ತೆಗೆ. ಇಂದಿನ ಕೆಲಸಕ್ಕೆ ಬೇಕಾದ ಬುದ್ಧಿಯನ್ನು ಕೊಡು. ಬೆಳೆದಾಗ ನಮ್ಮ ಕೈ ತೆರೆದಿರಲಿ. ಕಳೆದುಕೊಂಡಾಗ ನಮ್ಮ ಹೃದಯವು ನಿನ್ನನ್ನು ಬಿಡದಿರಲಿ. ನೆರೆಯವನ ಕಷ್ಟದಲ್ಲಿ ನಮ್ಮ ಬಾಯಿ ಮೌನವಾಗಿಯೂ ನಮ್ಮ ಕೈ ಚುರುಕಾಗಿಯೂ ಇರುವಂತೆ ಮಾಡು. ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.